ದಿಂಬಣ್ಣನ ಸೇತುವೆ ಸಂಧಾನ

ಎರಡು ದೇಶಗಳು ಒಂದು ನದಿಗಾಗಿ ಕಿತ್ತಾಡುವಾಗ ನಡುವೆ ಹಾಸಿಗೆ ಹೊಲಿಯುವವನಿಗೇನು ಕೆಲಸ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದಿಂಬಣ್ಣನ ಹೆಂಡತಿ ಅದನ್ನೇ ಕೇಳಿದಳು, ಬೀದಿಯವರು ಕೇಳಿದರು, ಕೊನೆಗೆ ಸರ್ಕಾರವೂ ಕೇಳಿತು. ಸರಿಯಾದ ಉತ್ತರ ಯಾರಿಗೂ ಸಿಗಲಿಲ್ಲ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳಿಬಿಡುವುದೇ ಒಳ್ಳೆಯದು.

ದಿಂಬಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ದಿನವಿಡೀ ಹತ್ತಿ ಹಿಂಜಿ, ದಿಂಬು ತುಂಬಿ, ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಓಡಾಡುವವನನ್ನು ಜನ ಇನ್ನೇನೆಂದು ಕರೆದಾರು? ಕೈಕೆಲಸದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಲೆಯ ಕೆಲಸದಲ್ಲಿ ಮಾತ್ರ ಸ್ವಲ್ಪ ನಿಧಾನ. ಒಂದು ವಿಷಯ ಅವನ ತಲೆಗೆ ಇಳಿಯುವಷ್ಟರಲ್ಲಿ ಊರೆಲ್ಲ ಅದನ್ನು ಮರೆತಿರುತ್ತಿತ್ತು. ಇವತ್ತು ಕೇಳಿದ ತಮಾಷೆಗೆ ನಾಳೆ ಅಂಗಡಿಯಲ್ಲಿ ಒಬ್ಬನೇ ಕೂತು ನಗುವವರ ಪೈಕಿ.

ನದಿ ಅವನ ಮನೆಯ ಹಿಂದೆಯೇ ಹರಿಯುತ್ತಿತ್ತು. ಈಚೆ ದಡ ಒಂದು ದೇಶ, ಆಚೆ ದಡ ಇನ್ನೊಂದು. ನೀರು ಯಾರಿಗೆ ಎಷ್ಟು, ಮೇಲಿನ ಅಣೆಕಟ್ಟಿನ ಬಾಗಿಲನ್ನು ಯಾರು ಯಾವಾಗ ಎತ್ತಬೇಕು ಎಂದು ಎರಡು ಸರ್ಕಾರಗಳಿಗೂ ಮಾತಿಗೆ ಮಾತು ಬೆಳೆದು, ಸಿಟ್ಟಿನಲ್ಲಿ ಸೇತುವೆಗೆ ಗೇಟು ಹಾಕಿ, ಟೆಲಿಫೋನು ಲೈನನ್ನೂ ಕತ್ತರಿಸಿ, ಬೆನ್ನು ತಿರುಗಿಸಿಕೊಂಡು ಕೂತಿದ್ದವು. ನೀರು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಪಾಡಿಗೆ ಹೋಗುತ್ತಿತ್ತು.

ಆಚೆ ದಡದಲ್ಲಿ ದಿಂಬಣ್ಣನ ಅಕ್ಕ ಇದ್ದಳು. ಅವನಿಗೆ ಈ ಭೂಮಿಯ ಮೇಲೆ ಉಳಿದ ಒಡಹುಟ್ಟು ಅವಳೊಬ್ಬಳೇ. ಸೇತುವೆ ಮುಚ್ಚುವ ಸ್ವಲ್ಪ ದಿನ ಮೊದಲು ಇಬ್ಬರೂ ಅಮ್ಮನ ಹೊಲಿಗೆ ಮಷೀನಿಗಾಗಿ ಜಗಳವಾಡಿದ್ದರು. ಅಮ್ಮ ಸಾಯುವ ಮುಂಚೆ ಇಬ್ಬರನ್ನೂ ಬೇರೆ ಬೇರೆಯಾಗಿ ಹತ್ತಿರ ಕರೆದು, ಇದು ನಿನಗೇ ಎಂದು ಹೇಳಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಳು. ಅಕ್ಕ ಮೇಲಿನ ಮಷೀನನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿಕೊಂಡು ಹೋದಳು. ದಿಂಬಣ್ಣ ಕೆಳಗಿನ ಸ್ಟ್ಯಾಂಡು, ಪೆಡಲನ್ನು ತಬ್ಬಿಕೊಂಡು ಕೂತ. ಹೀಗಾಗಿ ಸೂಜಿ ಒಂದು ದೇಶದಲ್ಲಿ, ಪೆಡಲು ಇನ್ನೊಂದು ದೇಶದಲ್ಲಿ ಉಳಿದು, ಎರಡೂ ಕಡೆ ಒಂದೇ ಒಂದು ಹೊಲಿಗೆಯೂ ಬೀಳಲಿಲ್ಲ. ಕೊನೆಯ ಸಲ ಅಕ್ಕನ ಮನೆಗೆ ಹೋದಾಗ ಅವಳು ತಟ್ಟೆ ಹಾಕಿ ಕರೆದರೂ ಕೂರದೆ ಮುಖ ಊದಿಸಿಕೊಂಡು ಬಂದಿದ್ದ. ಮಾರನೆಯ ವಾರ ಹೋಗಿ ಉಂಡು ಬರೋಣ ಎಂದುಕೊಂಡ. ಅಷ್ಟರಲ್ಲಿ ಗೇಟು ಬಿತ್ತು.

ಅಂದಿನಿಂದ ಅವನು ದಿನಾ ಬೆಳಗ್ಗೆ ಮಹಡಿ ಹತ್ತುತ್ತಿದ್ದ. ಗಾಳಿ ಚೆನ್ನಾಗಿದೆ ಎಂದು ಹೆಂಡತಿಗೆ ಹೇಳುತ್ತಿದ್ದ. ನದಿ ಅಗಲವಾಗಿತ್ತು, ಆಚೆ ದಡದ ಮನುಷ್ಯರು ಕಾಣುತ್ತಿರಲಿಲ್ಲ. ಆದರೆ ಅಕ್ಕನ ಮಹಡಿಯ ಮೇಲಿನ ಹಗ್ಗದಲ್ಲಿ ಒಣಗುವ ಬಟ್ಟೆ ಕಾಣುತ್ತಿತ್ತು. ಬಟ್ಟೆ ಇದೆ ಎಂದರೆ ಅಕ್ಕ ಇದ್ದಾಳೆ. ಅಷ್ಟು ತಿಳಿದರೆ ಸಾಕು, ಇಳಿದು ಬಂದು ಹತ್ತಿ ಹಿಂಜಲು ಕೂರುತ್ತಿದ್ದ.

ಒಂದು ದಿನ ಹಗ್ಗ ಖಾಲಿ ಇತ್ತು. ಮರುದಿನವೂ ಖಾಲಿ. ವಾರ ಕಳೆಯಿತು, ತಿಂಗಳು ಕಳೆಯಿತು, ಹಗ್ಗವೇ ಮಾಯವಾಯಿತು.

"ಊರಿಗೆ ಹೋಗಿರಬಹುದು ರೀ," ಅಂದಳು ಹೆಂಡತಿ.

"ಅವಳ ಊರೇ ಅದು. ಇನ್ಯಾವ ಊರಿಗೆ ಹೋಗ್ತಾಳೆ?"

"ಮತ್ತೆ ಹೊಸ ಮಷೀನು ತಗೊಂಡಿರಬಹುದು, ಬಟ್ಟೆ ಒಣಗಿಸೋದು."

"ಅಮ್ಮನ ಮಷೀನಿನ ಅರ್ಧ ಹೊತ್ಕೊಂಡು ಹೋದವಳು ಹೊಸ ಮಷೀನು ತಗೋತಾಳಾ?"

ದಿಂಬಣ್ಣನಿಗೆ ತೋಚಿದ್ದು ಬಾಯಲ್ಲಿ ಆಡುವಂಥದ್ದಾಗಿರಲಿಲ್ಲ. ತಲೆ ಹೋದರೂ ಸರಿ, ಆಚೆ ದಡಕ್ಕೆ ಹೋಗಿ ನೋಡಿಯೇ ಬರುತ್ತೇನೆ ಎಂದು ಅವನು ಅಂದೇ ಮನಸ್ಸು ಗಟ್ಟಿಮಾಡಿಕೊಂಡ. ಹೇಗೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಅದನ್ನು ಸರ್ಕಾರವೇ ಯೋಚಿಸಿತು. ಮಂತ್ರಿಗಳು ಮಾತಾಡಿ ಮಾತಾಡಿ ಸುಸ್ತಾದ ಮೇಲೆ, ಇನ್ನು ಜನರೇ ಮಾತಾಡಿಕೊಳ್ಳಲಿ ಎಂದು ಎರಡೂ ಕಡೆಯವರು ತೀರ್ಮಾನಿಸಿದರು. ಒಂದು ಬೆಳಗ್ಗೆ ಮೈಕು ಕಟ್ಟಿದ ಕಾರು ಬೀದಿಗೆ ಬಂದು ಕೂಗಿ ಹೇಳಿತು. ಈ ಕಡೆಯಿಂದ ಒಬ್ಬ ಸಾಮಾನ್ಯ ಪ್ರಜೆ ಆಚೆಗೆ, ಆ ಕಡೆಯಿಂದ ಒಬ್ಬ ಸಾಮಾನ್ಯ ಪ್ರಜೆ ಈಚೆಗೆ, ಒಂದೇ ದಿನ, ಒಂದೇ ಗಳಿಗೆಗೆ ಸ್ನೇಹದ ಭೇಟಿಗೆ ಹೋಗಬೇಕು. ಸಂಜೆಗೆ ವಾಪಸು. ಆಸಕ್ತರು ಸೌಹಾರ್ದ ಕಚೇರಿಗೆ ಬರುವುದು. ಒಂದೇ ಷರತ್ತು, ಆಚೆ ದಡದಲ್ಲಿ ನೆಂಟರು ಇರಕೂಡದು, ಸ್ನೇಹದ ಮಧ್ಯೆ ಭಾವನೆಗಳು ಅಡ್ಡ ಬಂದಾವು ಎಂದು.

ಬೀದಿಯಲ್ಲಿ ಯಾರಿಗೂ ಆಸಕ್ತಿ ಹುಟ್ಟಲಿಲ್ಲ. ಸಾಮಾನ್ಯ ಎಂಬ ಮಾತೇ ಎಲ್ಲರಿಗೂ ಚುಚ್ಚಿತು. ಔಷಧಿ ಅಂಗಡಿಯವನು ಕೌಂಟರಿನ ಹಿಂದೆ ನಿಂತು, "ನಾನು ಸಾಮಾನ್ಯ ಅಂತ ನಾನೇ ಹೋಗಿ ಹೇಳ್ಕೊಂಡ್ರೆ ನಾಳೆ ನನ್ನ ಕೈಯಿಂದ ಯಾರಾದ್ರೂ ಮಾತ್ರೆ ತಗೋತಾರಾ?" ಎಂದ. ಹಾಲಿನ ಬೂತಿನಾಕೆ, ತನ್ನ ಗಂಡನನ್ನು ಬೇಕಾದರೆ ಕಳಿಸುತ್ತೇನೆ, ಅವನು ವಾಪಸು ಬರಲೇಬೇಕು ಎಂಬ ನಿಯಮ ಇದ್ದರೆ ಬೇಡ ಎಂದಳು.

ದಿಂಬಣ್ಣ ಮೀಸೆಯ ಹತ್ತಿಯನ್ನೂ ತೆಗೆಯದೆ ಸೌಹಾರ್ದ ಕಚೇರಿಗೆ ನಡೆದ.

ಅಲ್ಲಿಯ ಅಧಿಕಾರಿ ಸಣ್ಣ ವಯಸ್ಸಿನವನು, ದೊಡ್ಡ ಮೇಜಿನವನು. ಬೇರೆ ಬೀದಿಗಳಿಂದ ಬಂದವರನ್ನೆಲ್ಲ ನೋಡಿ ಬೇಸತ್ತಿದ್ದ. ಒಬ್ಬ ತಾನು ಬಾಲ್ಯದಲ್ಲಿ ಈಜಿನಲ್ಲಿ ಗೆದ್ದ ಕಪ್ಪು ತಂದಿದ್ದ, ಇನ್ನೊಬ್ಬ ಕವನ ಓದಿದ್ದ. ಯಾರೊಬ್ಬರಿಗೂ ಸಾಮಾನ್ಯವಾಗಿರುವುದು ಗೊತ್ತಿರಲಿಲ್ಲ.

"ನಿಮ್ಮ ವಿಶೇಷ ಏನು?" ಎಂದು ದಿಂಬಣ್ಣನನ್ನು ಕೇಳಿದ.

"ಏನೂ ಇಲ್ಲ ಸರ್."

"ಏನಾದ್ರೂ ಇರಬೇಕಲ್ಲ."

ದಿಂಬಣ್ಣ ಪ್ರಾಮಾಣಿಕವಾಗಿ ಯೋಚಿಸಿದ. ಗೋಡೆ ನೋಡಿದ, ಫ್ಯಾನು ನೋಡಿದ. "ಇಲ್ಲ ಸರ್. ಹುಡುಕಿದೆ, ಸಿಗಲಿಲ್ಲ."

ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತ. "ನದಿ ವಿವಾದದ ಬಗ್ಗೆ ನಿಮ್ಮ ಅಭಿಪ್ರಾಯ?"

"ನದಿ ನಮ್ಮ ಮನೆ ಹಿಂದೆ ಇದೆ ಸರ್."

"ಅದು ಅಭಿಪ್ರಾಯ ಅಲ್ಲ ಕಣ್ರೀ."

"ಹಾಗಾದ್ರೆ ಇಲ್ಲ ಸರ್."

ಅಧಿಕಾರಿಯ ಕಣ್ಣಲ್ಲಿ ನೀರಾಡಿತು. ತಾನು ಹುಡುಕುತ್ತಿದ್ದ ಮನುಷ್ಯ ಇವನೇ ಎಂದು ಅವನಿಗೆ ಆಗಲೇ ಖಾತ್ರಿಯಾಯಿತು. ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕು. "ಆಚೆ ದಡದಲ್ಲಿ ನಿಮ್ಮವರು ಅಂತ ಯಾರಾದ್ರೂ ಇದ್ದಾರಾ?"

ದಿಂಬಣ್ಣ ಸುಳ್ಳು ಹೇಳಬೇಕೆಂದೇ ಮನೆಯಿಂದ ಹೊರಟಿದ್ದ, ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡಿದ್ದ. ಆದರೆ ಬಾಯಿ ಬಿಟ್ಟಾಗ ಬಂದದ್ದು ನಿಜ. "ಇದ್ದಾರೋ ಇಲ್ವೋ ಗೊತ್ತಿಲ್ಲ ಸರ್. ಅದನ್ನೇ ನೋಡ್ಕೊಂಡು ಬರೋಣ ಅಂತ."

ಅಧಿಕಾರಿ ಮೇಜು ತಟ್ಟಿ ನಕ್ಕ. ಗಡಿಯಾಚೆಯ ಜನರೆಲ್ಲ ತನ್ನವರೇ ಇರಬಹುದು, ಹೋಗಿ ನೋಡೋಣ ಎಂಬ ಇಂಥ ಮುಗ್ಧ ಮಾತನ್ನು ತಾನು ಮೇಲಿನವರ ಭಾಷಣದಲ್ಲೂ ಕೇಳಿಲ್ಲ ಎಂದ. ದಿಂಬಣ್ಣ ಅಲ್ಲಿಂದಲೇ ದೇಶದ ಅಧಿಕೃತ ಸಾಮಾನ್ಯ ಪ್ರಜೆಯಾಗಿ ಹೊರಗೆ ಬಂದ.

ಈ ಸುದ್ದಿ ಬೀದಿಗೆ ಮುಟ್ಟಿದ್ದೇ ತಡ, ಎಲ್ಲರಿಗೂ ತಾವು ಎಷ್ಟು ಸಾಮಾನ್ಯರು ಎಂಬುದು ಒಮ್ಮೆಲೇ ಹೊಳೆಯಿತು. ದಿಂಬಣ್ಣನ ಫೋಟೋ ಪತ್ರಿಕೆಯಲ್ಲಿ ಬಂತು. ಟೀ ಅಂಗಡಿಯಲ್ಲಿ ಅವನಿಗೆ ಬೆಂಚಿನ ತುದಿ ಬಿಟ್ಟು ನಡುವೆ ಜಾಗ ಕೊಟ್ಟರು. ಅದೇ ಔಷಧಿ ಅಂಗಡಿಯವನಿಗೆ ನುಂಗಲಾಗದ ತುತ್ತಾಯಿತು.

"ಇವನೆಂಥಾ ಸಾಮಾನ್ಯ?" ಎಂದು ಅವನು ಬೂತಿನಾಕೆಯ ಎದುರು ಗೊಣಗಿದ. "ಕೈಯಲ್ಲಿ ದಬ್ಬಳ ಹಿಡಿದ್ರೆ ಒಂದು ಹೊಲಿಗೆ ತಪ್ಪಲ್ಲ. ನಾನು ನೋಡಿ, ಇಷ್ಟು ವರ್ಷದಿಂದ ಅಂಗಡಿ ಇಟ್ಟಿದ್ದೀನಿ, ಡಾಕ್ಟರ ಬರಹ ಇವತ್ತಿಗೂ ಓದೋಕೆ ಬರಲ್ಲ. ಯಾರು ಜಾಸ್ತಿ ಸಾಮಾನ್ಯ, ನೀವೇ ಹೇಳಿ."

"ಆ ಲೆಕ್ಕಕ್ಕೆ ಬಂದ್ರೆ ನೀವೇ," ಎಂದು ಬೂತಿನಾಕೆ ಒಪ್ಪಿಕೊಂಡಳು.

ಆ ಧೈರ್ಯದ ಮೇಲೆ ಅವನು ಸೌಹಾರ್ದ ಕಚೇರಿಗೆ ಹೋಗಿ, ದಿಂಬಣ್ಣನಿಗೆ ಆಚೆ ದಡದಲ್ಲಿ ನೆಂಟರಿದ್ದಾರೆ, ವಿಚಾರಿಸಿ ಎಂದು ಕಿವಿಯೂದಿ ಬಂದ. ಫೋಟೋ ಪತ್ರಿಕೆಯಲ್ಲಿ ಬಂದಾಗಿದೆ, ಮೇಲಿನವರು ಬೆನ್ನು ತಟ್ಟಿಯೂ ಆಗಿದೆ. ಮರುದಿನವೇ ಅಧಿಕಾರಿ ತಾನೇ ಖುದ್ದಾಗಿ ಮನೆಮನೆ ವಿಚಾರಣೆಗೆ ಬಂದ. ದಿಂಬಣ್ಣ ಮನೆಯಲ್ಲಿ ಅರ್ಧ ತುಂಬಿದ ಹಾಸಿಗೆಯ ಮೇಲೆ ಕೂತು ತನ್ನ ಕಥೆ ಮುಗಿಯಿತೆಂದು ಕಾದ.

ಈಗ ಆ ಬೀದಿಯ ಒಂದು ಗುಟ್ಟು ಹೇಳಬೇಕು. ಸೇತುವೆ ತೆರೆದಿದ್ದ ಕಾಲದಲ್ಲಿ ಆ ಬೀದಿಯವರು ಹೆಣ್ಣು ತಂದದ್ದೂ ಆಚೆ ದಡದಿಂದ, ಕೊಟ್ಟದ್ದೂ ಆಚೆ ದಡಕ್ಕೆ. ನೆಂಟರಿಲ್ಲದ ಮನೆ ಒಂದೂ ಇರಲಿಲ್ಲ. ಗಡಿ ಮುಚ್ಚಿದ ಮೇಲೆ ಎಲ್ಲರೂ ಅದನ್ನು ಮೈಮೇಲಿನ ಮಚ್ಚೆಯ ಹಾಗೆ ಮುಚ್ಚಿಟ್ಟುಕೊಂಡಿದ್ದರು.

ಅಧಿಕಾರಿ ಮೊದಲು ಬೂತಿಗೆ ಹೋಗಿ, "ಆಚೆ ದಡದಲ್ಲಿ ನೆಂಟರ ವಿಷಯ ವಿಚಾರಿಸೋಣ ಅಂತ ಬಂದೆ," ಎಂದ. ಬೂತಿನಾಕೆಯ ಕೈಯಲ್ಲಿದ್ದ ಹಾಲಿನ ಅಳತೆ ಹಾಗೇ ನಿಂತಿತು. "ನೆಂಟರಾ? ಆ ಪದಾನೇ ಕೇಳಿಲ್ಲ ಸ್ವಾಮಿ," ಅಂದಳು. ಎದುರು ಮನೆಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಇಲ್ಲ ಎಂದರು. ಕೊನೆಗೆ ಅಧಿಕಾರಿ ಔಷಧಿ ಅಂಗಡಿಗೇ ಬಂದ.

"ನೀವೇ ಹೇಳಿದ್ರಲ್ಲ, ಆಚೆ ದಡದ ನೆಂಟರ ವಿಷಯ. ಸ್ವಲ್ಪ ವಿವರವಾಗಿ ಬೇಕಿತ್ತು. ಈ ಬೀದಿಯಲ್ಲಿ ಯಾರ್ಯಾರಿಗೆ ಯಾರ್ಯಾರಿದ್ದಾರೆ ಅಂತ ಎಲ್ಲಾ ಮನೆಯದ್ದೂ ತನಿಖೆ ಮಾಡ್ಬೇಕಾಗುತ್ತೆ."

ಔಷಧಿ ಅಂಗಡಿಯವನ ಮಾವ, ಅತ್ತೆ, ಭಾವಮೈದುನ ಎಲ್ಲರೂ ಆಚೆ ದಡದಲ್ಲೇ ಇದ್ದರು. ಅವನು ಒಂದು ಸಲ ಅಧಿಕಾರಿಯನ್ನು, ಒಂದು ಸಲ ಒಳಬಾಗಿಲನ್ನು ನೋಡಿ, "ಯಾರು ಹೇಳಿದ್ದು? ಇಲ್ಲಿ ಯಾರಿಗೂ ಯಾರೂ ಇಲ್ಲ ಸರ್. ನನ್ನ ಹೆಂಡತಿಗಂತೂ ತವರುಮನೆ ಅನ್ನೋದೇ ಇಲ್ಲ," ಎಂದ. ಒಳಬಾಗಿಲ ಹಿಂದೆ ಒಂದು ಪಾತ್ರೆ ಜೋರಾಗಿ ಕೆಳಗಿಟ್ಟ ಸದ್ದು ಬಂತು. ಆ ವಾರ ಅವನ ಅಡುಗೆಯನ್ನು ಅವನೇ ಮಾಡಿಕೊಂಡ.

ಇಡೀ ಬೀದಿಯಲ್ಲಿ ಒಬ್ಬರಿಗೂ ಆಚೆ ದಡದ ಗಾಳಿಯೇ ಸೋಕಿಲ್ಲವೆಂದು ಅಧಿಕಾರಿ ನೆಮ್ಮದಿಯಿಂದ ವರದಿ ಕೊಟ್ಟ. ಅಂದಿನಿಂದಲೇ ದಿಂಬಣ್ಣನಿಗೆ ತರಬೇತಿ ಶುರುವಾಯಿತು.

"ಮೊದಲನೇದು, ನದಿ ಅನ್ನಬೇಡಿ," ಎಂದ ಅಧಿಕಾರಿ. "ನಾವು ಅದನ್ನ ಒಂದು ಹೆಸರಲ್ಲಿ ಕರೀತೀವಿ, ಅವರು ಇನ್ನೊಂದು ಹೆಸರಲ್ಲಿ. ಬರೀ ನದಿ ಅಂದ್ರೂ ಯಾರ ನದಿ ಅನ್ನೋ ಪ್ರಶ್ನೆ ಏಳುತ್ತೆ. ಸದರಿ ಹರಿವು ಅನ್ನಿ."

"ಸದರಿ ಹರಿವು," ಎಂದ ದಿಂಬಣ್ಣ ವಿಧೇಯನಾಗಿ.

"ಅವರು ಕುಡಿಯೋಕೆ ನೀರು ಕೊಡ್ತಾರೆ. ಕುಡಿದ್ರೆ ಆ ನೀರು ಅವರದ್ದು ಅಂತ ಒಪ್ಪಿದ ಹಾಗೆ. ಬೇಡ ಅಂದ್ರೆ ಅವಮಾನ ಮಾಡಿದ ಹಾಗೆ. ಅದಕ್ಕೆ ಲೋಟ ತುಟಿ ತನಕ ತಂದು, ಮುಗುಳ್ನಕ್ಕು, ಕೆಳಗಿಡಬೇಕು."

"ಬಾಯಾರಿದ್ರೆ ಸರ್?"

"ಬಾಯಾರಬಾರದು. ಕೊನೇದು ಮುಖ್ಯ. ಸೇತುವೆ ಮಧ್ಯೆ ಗೆರೆ ಎಳೆದಿರ್ತಾರೆ. ನೀವು ಈ ಕಡೆಯಿಂದ, ಅವರ ಪ್ರಜೆ ಆ ಕಡೆಯಿಂದ ಒಟ್ಟಿಗೆ ಹೊರಟು ಗೆರೆ ಹತ್ರ ಸೇರ್ತೀರಿ. ಕೈ ಕುಲುಕಿ, ಮೈಕಲ್ಲಿ 'ನಮ್ಮ ನಡುವೆ ಯಾವ ಭಿನ್ನಾಭಿಪ್ರಾಯವೂ ಇಲ್ಲ' ಅಂತ ಹೇಳಿ, ಅವರು ಈಚೆ, ನೀವು ಆಚೆ."

ದಿಂಬಣ್ಣ ಮನೆಯಲ್ಲಿ ಇದನ್ನೆಲ್ಲ ಹಟಹಿಡಿದು ಅಭ್ಯಾಸ ಮಾಡಿದ. ಹೆಂಡತಿ ನೀರು ಕೊಟ್ಟರೆ ತುಟಿಗೆ ತಂದು ನಕ್ಕು ಕೆಳಗಿಡುತ್ತಿದ್ದ. ಮನೆಗೆ ಹಾಸಿಗೆ ಕೊಳ್ಳಲು ಬಂದವರಿಗೆ ಕೈ ಕುಲುಕಿ ಯಾವ ಭಿನ್ನಾಭಿಪ್ರಾಯವೂ ಇಲ್ಲ ಎಂದು ಬಿಟ್ಟದ್ದರಿಂದ, ಅವರು ಅದಕ್ಕೆ ತಕ್ಕ ಹಾಗೆ ಚೌಕಾಸಿ ಮಾಡಿಕೊಂಡು ಹೋದರು. "ಇಷ್ಟೆಲ್ಲ ನಾಟಕ ಆಡಿ, ಅಲ್ಲಿ ಹೋದ್ಮೇಲೆ ಅತ್ತಿಗೆ ಮನೆಗೆ ಹೇಗೆ ಹೋಗ್ತೀರಿ?" ಎಂದು ಹೆಂಡತಿ ಕೇಳಿದಳು. "ಮೊದಲು ಆ ದಡಕ್ಕೆ ಕಾಲಿಡ್ತೀನಿ. ಆಮೇಲೆ ನನ್ನನ್ನ ಯಾರು ಹಿಡೀತಾರೋ ನೋಡೋಣ," ಎಂದ ದಿಂಬಣ್ಣ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಇಂಥ ಮಾತು ಅವಳು ಕೇಳಿರಲಿಲ್ಲ. ಸ್ವಲ್ಪ ಹೆದರಿಕೆಯಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಆ ದಿನ ಬಂತು. ಎರಡೂ ದಡದಲ್ಲಿ ಜನವೋ ಜನ. ಹೆಂಡತಿ ಅವನ ತಲೆಯಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿ ಕಳಿಸಿದ್ದಳು. ಬಾಜಾಬಜಂತ್ರಿ ಮೊಳಗಿತು, ಗೇಟು ಕಿರಗುಟ್ಟಿಕೊಂಡು ತೆರೆಯಿತು, ದಿಂಬಣ್ಣ ಹೊಸ ಅಂಗಿ ತೊಟ್ಟು ನಡೆಯತೊಡಗಿದ. ಆಚೆ ಕಡೆಯಿಂದಲೂ ಒಂದು ಆಕೃತಿ ಹೊರಟಿತು. ಹೆಂಗಸು. ಕಂಕುಳಲ್ಲಿ ಕೊಡೆ. ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ಬೀಸಿಬೀಸಿ ನಡೆಯುವ ನಡಿಗೆ.

ನಡಿಗೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡ ದಿಂಬಣ್ಣ. ಇನ್ನೂ ಹತ್ತಿರ ಬಂದಾಗ, ಕೊಡೆಯನ್ನೂ ನೋಡಿದ ಹಾಗಿದೆಯಲ್ಲ ಎಂದುಕೊಂಡ. ಗೆರೆಯ ಹತ್ತಿರ ಬಂದು ಕೈ ಚಾಚಿ, ಅವಳ ಮೂಗನ್ನು ನೋಡಿದ ಮೇಲೆಯೇ ಅವನ ತಲೆಗೆ ಇಳಿದದ್ದು. ಅದು ಅವನದೇ ಮೂಗು.

"ಅಕ್ಕ," ಎಂದ.

"ಮೆತ್ತಗೆ ಮಾತಾಡೋ. ನನಗೆ ಈ ಕಡೆ ಯಾರೂ ಇಲ್ಲ ಅಂತ ಹೇಳಿದ್ದೀನಿ," ಎಂದಳು ಅಕ್ಕ, ಫೋಟೋದವರ ಕಡೆಗೆ ನಗುತ್ತ.

"ನೀನೆಲ್ಲಿಗೆ ಹೊರಟೆ?"

"ನಿನ್ನ ಮನೆಗೆ ಕಣೋ. ಇನ್ನೆಲ್ಲಿಗೆ?"

"ನಾನು ನಿನ್ನ ಮನೆಗೆ ಹೊರಟಿದ್ದೀನಿ."

"ನಾನಿಲ್ಲದ ಮನೆಗೆ ಹೋಗಿ ಏನು ಮಾಡ್ತೀಯ? ನಿಮ್ಮ ಭಾವ ಬಾಗಿಲು ಹಾಕ್ಕೊಂಡು ಈ ಜಾತ್ರೆ ನೋಡೋಕೆ ಬಂದು ದಡದಲ್ಲಿ ನಿಂತಿದ್ದಾರೆ."

ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡೇ ನಿಂತರು. ಎರಡು ಸರ್ಕಾರಗಳೂ ಸೇರಿ, ಅತ್ಯಂತ ಜಾಗ್ರತೆಯಿಂದ, ಇವನನ್ನು ಅವಳಿಲ್ಲದ ಊರಿಗೂ ಅವಳನ್ನು ಇವನಿಲ್ಲದ ಊರಿಗೂ ಕಳಿಸಲು ವ್ಯವಸ್ಥೆ ಮಾಡಿದ್ದವು. ಮುಂದೆ ಹೋದರೆ ಕೆಟ್ಟ, ಹಿಂದೆ ಹೋದರೆ ಕೆಟ್ಟ. ದಿಂಬಣ್ಣ ಗೆರೆಯ ಮೇಲೆ ಎರಡೂ ಕಾಲು ಊರಿ ನಿಂತ. ಇಲ್ಲಿಂದ ತನ್ನನ್ನು ಯಾವ ದೇಶವೂ ಕದಲಿಸಲಾರದು ಎಂದು ತೀರ್ಮಾನಿಸಿದ.

"ಬಟ್ಟೆ ಯಾಕೆ ಒಣಗಿಸ್ತಿಲ್ಲ?" ಎಂದು ಕೇಳಿದ.

"ಓ, ನೋಡ್ತಿದ್ದೀಯ ಹಾಗಾದ್ರೆ. ನೋಡ್ತಿದ್ರೆ ಹೆದರ್ತೀಯ, ಹೆದರಿದ್ರೆ ಹೇಗಾದ್ರೂ ಬರ್ತೀಯ ಅಂತಲೇ ಹಗ್ಗ ಬಿಚ್ಚಿದೆ. ತಿಂಗಳುಗಟ್ಟಲೆ ಒಳಗೇ ಒಣಗಿಸಿ ಮನೆಯೆಲ್ಲ ಮುಗ್ಗಲು ವಾಸನೆ. ನೀನು ಬರೋದು ಕಾಣಲಿಲ್ಲ. ಕೊನೆಗೆ ನಾನೇ ಹೊರಟೆ."

"ನೀನು ಸತ್ತೇ ಹೋದೆ ಅಂದ್ಕೊಂಡಿದ್ದೆ ಕಣೇ."

"ಸಾಯ್ತೀನಾ? ನೀನು ನನ್ನ ಮನೇಲಿ ಉಣ್ಣದೆ ಎದ್ದು ಹೋಗಿದ್ದೀಯ. ಆ ತಟ್ಟೆ ಎತ್ತದೆ ಸಾಯ್ತೀನಾ?"

ದಿಂಬಣ್ಣನಿಗೆ ಅಳು ಬಂತು. ಇಷ್ಟು ಜನರ ಎದುರು ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಅಕ್ಕನ ಮುಂದೆ ಅಳುವುದಕ್ಕಿಂತ ಜಗಳವಾಡುವುದು ಅವನಿಗೆ ಚಿಕ್ಕಂದಿನಿಂದ ರೂಢಿಯಾದ ಕೆಲಸ. "ಮಷೀನು ಅಮ್ಮ ನನಗೇ ಕೊಟ್ಟಿದ್ದು," ಎಂದು ಶುರುಮಾಡಿದ.

"ನಿನಗೆ ಸೂಜಿ ಹಾಕೋಕೆ ಬರ್ತಿತ್ತಾ ಆಗ? ನನಗೇ ಕೊಟ್ಟಿದ್ದು."

"ಮೇಲಿನದ್ದು ಮಾತ್ರ ಹೊತ್ಕೊಂಡು ಹೋಗೋದು ಯಾವ ನ್ಯಾಯ?"

"ಕೆಳಗಿನದ್ದು ಬಿಡದೆ ಹಿಡ್ಕೊಂಡಿದ್ದು ಯಾವ ನ್ಯಾಯ?"

ಮೈಕು ಆಗಲೇ ಅವರ ಮುಂದಿತ್ತು. ಎರಡು ದಡಗಳ ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳಿದರು. ಇಷ್ಟು ವರ್ಷದ ವಿವಾದದಲ್ಲಿ ಮೊದಲ ಸಲ ಅವರಿಗೆ ಅರ್ಥವಾಗುವಂಥ ಚರ್ಚೆ ನಡೆದಿತ್ತು. ಈಚೆಯಿಂದ ಸೌಹಾರ್ದ ಅಧಿಕಾರಿ ಬೆವರೊರೆಸಿಕೊಂಡು ಓಡಿಬಂದ, ಆಚೆಯಿಂದ ಅವರ ಕಡೆಯ ಅಧಿಕಾರಿಣಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು.

"ಇವರು ನಿಮಗೆ ಗೊತ್ತಾ?" ಎಂದು ಅಧಿಕಾರಿ ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದ.

"ಈಗ ತಾನೇ ಪರಿಚಯ ಆಯ್ತು ಸರ್," ಎಂದ ದಿಂಬಣ್ಣ.

"ಇಷ್ಟು ಹೊತ್ತಲ್ಲೇ ಇವನ ಬುದ್ಧಿ ಎಲ್ಲಾ ಗೊತ್ತಾಯ್ತು," ಎಂದಳು ಅಕ್ಕ.

ಇಬ್ಬರು ಅಧಿಕಾರಿಗಳೂ ಆ ಎರಡು ಮೂಗುಗಳನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಸತ್ಯ ಹೊರಬಿದ್ದರೆ ಇಬ್ಬರ ಕುರ್ಚಿಯೂ ಅಲ್ಲಾಡುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೆ ತಿಳಿಯಿತು. "ನಮಗೆ ಏನೂ ಕಾಣಿಸ್ತಿಲ್ಲ, ಅಲ್ವಾ?" ಎಂದಳು ಅಧಿಕಾರಿಣಿ. "ಏನೂ ಇಲ್ಲ ಮೇಡಂ," ಎಂದ ಅಧಿಕಾರಿ. ಆ ಎರಡು ದೇಶಗಳ ನಡುವೆ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ ಮೂಡಿದ್ದು ಅದೇ ಮೊದಲು.

"ಈಗ ಬೇಗ ಹೇಳಿ ಮುಗಿಸಿ," ಎಂದು ಅಧಿಕಾರಿ ಗೋಗರೆದ. "ಭಿನ್ನಾಭಿಪ್ರಾಯ ಇಲ್ಲ ಅಂದುಬಿಡಿ. ಕಾರ್ಯಕ್ರಮ ಯಶಸ್ವಿ ಆಗುತ್ತೆ."

"ಯಶಸ್ವಿ ಆದ್ಮೇಲೆ?" ಎಂದ ದಿಂಬಣ್ಣ.

"ಆದ್ಮೇಲೆ ಏನಿದೆ? ಮುಗೀತು. ಸಂಜೆಗೆ ಗೇಟು ಹಾಕ್ತೀವಿ."

"ಭಿನ್ನಾಭಿಪ್ರಾಯ ಇದೆ ಅಂದ್ರೆ?"

"ಅಯ್ಯೋ, ಹಾಗಂದ್ರೆ ನಿಯಮದ ಪ್ರಕಾರ ಒಪ್ಪಂದ ಆಗೋ ತನಕ ಇದೇ ಇಬ್ಬರು ಇದೇ ಜಾಗದಲ್ಲಿ ಪ್ರತಿ ತಿಂಗಳೂ ಸೇರಬೇಕಾಗುತ್ತೆ. ಅಂಥ ಗತಿ ತರಬೇಡಿ ನಮಗೆ."

ಅಕ್ಕ ಇದನ್ನು ಕೇಳಿಸಿಕೊಂಡಿರಲಿಲ್ಲ. ಅವಳು ತಮ್ಮನನ್ನೇ ನೋಡುತ್ತಿದ್ದಳು. ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಹತ್ತಿಯ ಎಳೆ ಎಂದುಕೊಂಡು ಕೈಯಿಟ್ಟು ತೆಗೆಯಲು ಹೋದಳು, ಅದು ಬರಲಿಲ್ಲ. ಅವಳ ಹಟವೆಲ್ಲ ಅಲ್ಲೇ ಕರಗಿಹೋಯಿತು.

"ಹೋಗಲಿ ಬಿಡೋ," ಎಂದಳು. "ಮಷೀನು ನೀನೇ ಇಟ್ಕೊ. ನನ್ನ ಕಣ್ಣಿಗೆ ಈಗ ಸೂಜಿಯ ತೂತೇ ಕಾಣಲ್ಲ. ಅಮ್ಮ ನಿನಗೇ ಕೊಟ್ಟಿದ್ದು. ಒಪ್ಪಿದೆ. ಸರೀನಾ?"

ದಿಂಬಣ್ಣ ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದ. ಮಲಗಿದಾಗ, ಎದ್ದಾಗ, ಆ ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು ಉಣ್ಣುವಾಗ ಅಕ್ಕ ಹೀಗೆ ಹೇಳಿದಳೆಂದು ಕಲ್ಪಿಸಿಕೊಂಡು ಗೆದ್ದು ಬೀಗಿದ್ದ. ಈಗ ಅಧಿಕಾರಿಗಳಿಬ್ಬರೂ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು. ಹುಟ್ಟಿದಾಗಿನಿಂದ ಎಲ್ಲವನ್ನೂ ಎಲ್ಲರಿಗಿಂತ ತಡವಾಗಿ ತಿಳಿದುಕೊಂಡ ದಿಂಬಣ್ಣ, ಈ ಒಂದು ವಿಷಯವನ್ನು ಅಲ್ಲಿದ್ದವರೆಲ್ಲರಿಗಿಂತ ಮೊದಲು ತಿಳಿದುಕೊಂಡ.

"ಬೇಡ," ಎಂದ. ಎರಡು ದಡದಲ್ಲೂ ಆ ಮಾತು ಮೊಳಗಿತು. "ನಾನು ಒಪ್ಪಲ್ಲ."

"ಕೊಡ್ತೀನಿ ಅಂದ್ರೂ ಒಪ್ಪಲ್ವಾ?" ಎಂದಳು ಅಕ್ಕ, ಬೆಪ್ಪಾಗಿ.

"ನೀನು ಕೊಡೋ ರೀತಿ ಸರಿ ಇಲ್ಲ. ನಮ್ಮಿಬ್ಬರ ನಡುವೆ ಬೇಕಾದಷ್ಟು ಭಿನ್ನಾಭಿಪ್ರಾಯ ಇದೆ. ಅದಕ್ಕೇ ಪ್ರತಿ ತಿಂಗಳೂ ಇಲ್ಲಿಗೆ ಬಂದು ಮಾತಾಡ್ಬೇಕಂತೆ, ಇವರೇ ಹೇಳಿದ್ರು."

ಅಕ್ಕ ಅವನ ಮುಖ ನೋಡಿದಳು, ಅಧಿಕಾರಿಯ ಮುಖ ನೋಡಿದಳು. ಸೆರಗಿನಿಂದ ಮೂಗೊರೆಸಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತಳು. "ಹಾಗಾದ್ರೆ ಸ್ಟ್ಯಾಂಡು ತಂದುಕೊಡು ನನಗೆ," ಎಂದಳು.

"ಈ ತಿಂಗಳು ಕೊಡಲ್ಲ."

"ಮುಂದಿನ ತಿಂಗಳು?"

"ಆಗ ಬಾ, ಮಾತಾಡೋಣ."

"ಬರ್ತೀನಿ. ಡಬ್ಬೀಲಿ ಊಟ ಕಟ್ಕೊಂಡೇ ಬರ್ತೀನಿ. ಉಂಡು ಜಗಳ ಆಡು."

ಈಚೆ ದಡದಿಂದ ಯಾರೋ, ಬಿಟ್ಟುಕೊಡಬೇಡ ದಿಂಬಣ್ಣ ಎಂದು ಕೂಗಿದರು. ಅದು ಔಷಧಿ ಅಂಗಡಿಯವನ ದನಿ. ಆಚೆ ದಡದಿಂದಲೂ, ಒಪ್ಪಬೇಡಮ್ಮಾ ಎಂಬ ಕೂಗು ಎದ್ದಿತು. ಇಬ್ಬರು ಅಧಿಕಾರಿಗಳೂ ತಲೆ ಮೇಲೆ ಕೈ ಹೊತ್ತುಕೊಂಡು, ಮಾತುಕತೆ ಮುಂದಿನ ತಿಂಗಳಿಗೆ ಮುಂದುವರಿದಿದೆ ಎಂದು ಘೋಷಿಸಿದರು. ಒಪ್ಪಂದವಾಗದೆ ಯಾರೂ ಗೆರೆ ದಾಟುವಂತಿಲ್ಲವಾದ್ದರಿಂದ ಅಕ್ಕ ಅತ್ತ ತಿರುಗಿದಳು, ತಮ್ಮ ಇತ್ತ ತಿರುಗಿದ. ಒಬ್ಬರಿಗೊಬ್ಬರು ಕೇಳುವಷ್ಟು ದೂರ ಬೈದುಕೊಂಡೇ ಹೋದರು.

ಗೇಟಿನ ಹತ್ತಿರ ಬೀದಿಯವರೆಲ್ಲ ಅಧಿಕಾರಿಯನ್ನು ಮುತ್ತಿಕೊಂಡರು. ಔಷಧಿ ಅಂಗಡಿಯವನು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, ತನಗೂ ಆಚೆ ದಡದಲ್ಲಿ ಸ್ವಲ್ಪವೂ ಗೊತ್ತಿಲ್ಲದ ಒಬ್ಬ ಮನುಷ್ಯನ ಜೊತೆ ಒಂದು ಸೈಕಲ್ಲಿನ ವಿಷಯದಲ್ಲಿ ತೀವ್ರ ಭಿನ್ನಾಭಿಪ್ರಾಯ ಇದೆ ಎಂದ. ಬೂತಿನಾಕೆ ತನಗೆ ಮೂವರ ಜೊತೆ ಇದೆ ಎಂದಳು. ಮೇಷ್ಟ್ರು ಆಗಲೇ ಸಾಲಿನಲ್ಲಿ ನಿಂತಿದ್ದರು.

ಅಧಿಕಾರಿ ಹೇಗೋ ಬಿಡಿಸಿಕೊಂಡು ದಿಂಬಣ್ಣನನ್ನು ಪಕ್ಕಕ್ಕೆ ಕರೆದ. ಟೈ ಸಡಿಲಿಸಿಕೊಂಡು, ದನಿ ತಗ್ಗಿಸಿ ಕೇಳಿದ. "ನಿಜ ಹೇಳಿ ದಿಂಬಣ್ಣೋರೇ. ಈ ಜಗಳ ಇನ್ನೆಷ್ಟು ದಿನ ನಡೆಯುತ್ತೆ?"

ದಿಂಬಣ್ಣ ಆಚೆ ದಡದ ಕಡೆ ನೋಡಿದ. ಸೇತುವೆಯ ಆ ತುದಿಯಲ್ಲಿ ಕೊಡೆಯೊಂದು ಗುಂಪಿನೊಳಗೆ ಮರೆಯಾಗುತ್ತಿತ್ತು.

"ನಮ್ಮ ಅಕ್ಕನ ಹಟ ನಿಮಗೆ ಗೊತ್ತಿಲ್ಲ ಸರ್," ಎಂದ. "ಇಬ್ಬರಲ್ಲಿ ಒಬ್ಬರು ಇರೋ ತನಕ ಮುಗಿಯಲ್ಲ. ಇಬ್ಬರೂ ಇರೋ ತನಕ ಒಂದು ತಿಂಗಳೂ ತಪ್ಪಲ್ಲ."